ಸದರಿಯವರು ನನ್ನ ಮುತ್ತಜ್ಜಿಯಲ್ಲ

ಗದಗ, ಫೆಬ್ರವರಿ 31, 2109

ಹಳೇ ಕಾಗದಗಳನ್ನು ಸಾಫ್ಟ್‌ವೇರಿಗೆ ಉಣಿಸುತ್ತ ಕೂತಿರುವವರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಎಲ್ಲ ತಿಂಗಳೂ ಒಂದೇ ಉದ್ದ ಇರಲಿ ಎಂದು ಒಂದಚ್ಚು ತೀರ್ಮಾನಿಸಿ ಬಹಳ ವರ್ಷವಾಯಿತು. ಒಂದಚ್ಚು ಅಂದರೆ ಲೋಕದ ಕಾಗದಗಳನ್ನೆಲ್ಲ ಒಂದೇ ಅಚ್ಚಿಗೆ ಸುರಿಯುವ ಯಂತ್ರ. ನಿಮ್ಮ ಸಾಫ್ಟ್‌ವೇರಿನ ಮೊಮ್ಮಗ. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಸಾರಿ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಸ್ಕೂಲಿನ ಹಾಸ್ಟೆಲಿನಲ್ಲೇ ಬೆಳೆದವಳು, ಬೈಯುವುದಕ್ಕೆ ಮಾತ್ರ ಕನ್ನಡ ಸಲೀಸಾಗಿ ಬರುತ್ತದೆ. ಈ ಪತ್ರಕ್ಕೆ ಅಷ್ಟು ಸಾಕು.

ನಾನೀಗ ಕಾಲೇಜಿನ ಮೊದಲ ವರ್ಷ. ನಮ್ಮ ಹಾಸ್ಟೆಲ್ ಇರುವುದು ಡೇರೆ ಹೊಲಿಯುವ ಹಳೇ ಕಾರ್ಖಾನೆಯಲ್ಲಿ. ಅದನ್ನು ಕಟ್ಟಿದವಳು ನನ್ನ ಮುತ್ತಜ್ಜಿ ಶಿವಗಂಗವ್ವ. ಅವಳ ವಂಶದ ಹೆಣ್ಣುಮಕ್ಕಳು ಓದಲು ಬಂದರೆ ಇಲ್ಲೊಂದು ರೂಮು ಕೊಡಬೇಕೆಂದು ನಿಮ್ಮ ಕಾಲದ ಪಾಲುದಾರಿಕೆ ಪತ್ರದಲ್ಲಿದೆ. ಆದರೆ ಗುಮಾಸ್ತರು ಅವಳ ಹೆಸರನ್ನು ಮೊದಲ ಸಾಲಿನಲ್ಲಿ ಒಮ್ಮೆ ಬರೆದು, ಆಮೇಲೆ 'ಸದರಿಯವರು' ಅಂತಲೇ ಎಳೆದುಕೊಂಡು ಹೋಗಿದ್ದಾರೆ. ಸದರಿಯವರು ಒಪ್ಪಿದರು, ಸದರಿಯವರು ಸಹಿ ಮಾಡಿದರು. ಮೇಲೆ ಹೇಳಿದವರು ಅನ್ನುವುದಕ್ಕೆ ಅದು ಆಫೀಸಿನ ಮಾತು ಅಂತ ನಿಮಗೆ ಗೊತ್ತು. ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಹೆಚ್ಚು ಸಲ ಬಂದದ್ದೇ ನಿಜವಾದ ಹೆಸರು, ಒಮ್ಮೆ ಬಂದದ್ದು ಕೈತಪ್ಪು ಎಂದುಕೊಂಡು, ಎಲ್ಲ ಕಡೆ ಸದರಿ ಎಂದು ತಿದ್ದಲೇ ಎಂದು ಕೇಳಿತು. ನಿಮ್ಮಲ್ಲಿ ಯಾರೋ ಪುಣ್ಯಾತ್ಮರು ಓದದೆ 'ಹೂಂ' ಒತ್ತಿದರು.

ಊರಿನ ಉಳಿದ ಕಾಗದಗಳಿಗೂ ಅದೇ ಗತಿಯಾಗಿ, ಈಗ ಅರ್ಧ ಊರು ಸದರಿಯವರದು. ಗಿರಣಿ, ಬಾವಿ, ಬಸ್ ಸ್ಟ್ಯಾಂಡು, ಎಲ್ಲದಕ್ಕೂ ಅವರೇ ಮಾಲೀಕರು. ಹುಟ್ಟೇ ಇಲ್ಲದ ಮನುಷ್ಯರಿಗೆ ಇಲ್ಲಿ ಜಯಂತಿ ಮಾಡುತ್ತಾರೆ, ಸ್ಕೂಲಿಗೆ ರಜೆ ಬೇರೆ! ಇಂಥವರನ್ನು ನಾವು ಕಾಗದಜೀವಿ ಎನ್ನುತ್ತೇವೆ: ಉಸಿರಿಲ್ಲ, ಆಸ್ತಿ ಇದೆ.

ತಿದ್ದಿದ ಪತ್ರದ ಪ್ರಕಾರ ನನ್ನ ರೂಮೂ ಸದರಿಯವರ ವಂಶಕ್ಕೇ ಸೇರಬೇಕಂತೆ. ಇವತ್ತು ಬೆಳಿಗ್ಗೆ ವಾರ್ಡನ್ ಮಲ್ಲವ್ವಕ್ಕ ನನ್ನ ಟ್ರಂಕನ್ನು ವರಾಂಡದಲ್ಲಿ ಇಡಿಸಿದರು. "ಸಂಜೀಕ ರೂಮು ಬ್ಯಾರೇದವ್ರಿಗೆ ಹೋಗ್ತೈತಿ. 'ನಮ್ಮ ಮುತ್ತಜ್ಜಿ ಸದರಿಯವರು' ಅಂತ ಒಂದು ಸಹಿ ಹಾಕ್ಬಿಡವಾ, ನಿಂದೇನ್ ಗಂಟು ಹೋಗ್ತೈತಿ?" ಎಂದರು. ಪಕ್ಕದ ರೂಮಿನ ತೌಸೀನಾ ಹಲ್ಲುಜ್ಜುತ್ತಲೇ, "ಬಸ್ ಸ್ಟ್ಯಾಂಡೂ ನಿಮ್ದೇ ಅಲ್ಲೇನ? ಅಲ್ಲೇ ಹೋಗಿ ಮಲಕೋ!" ಎಂದು ನಕ್ಕಳು. ಅಮ್ಮನಿಗೆ ಫೋನ್ ಮಾಡಿ ಅತ್ತೆ. ಅಮ್ಮನಾದರೂ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. "ಸತ್ತಾಕಿಗೆ ರೂಮು ಬೇಕಾಗಂಗಿಲ್ಲ, ನಿನಗ ಬೇಕು. ಹಾಕು," ಎಂದಳು.

ಆಕ್ಚುಲಿ ಪ್ರಾಬ್ಲಮ್ ಇರುವುದೇ ಅಲ್ಲಿ. ನಾನು ಸಹಿ ಹಾಕಿದರೆ ವಂಶದವರದು ಆಕ್ಷೇಪವಿಲ್ಲ ಎಂದಾಗುತ್ತದೆ. ಒಂದಚ್ಚು ಆ ಮೊದಲ ಸಾಲಿರುವ ಮೂಲಪ್ರತಿಯನ್ನೂ ಅಳಿಸುತ್ತದೆ. ಹಾಕದಿದ್ದರೆ ನನ್ನ ಓದು ಮುಗಿಯಿತು. ನಮ್ಮ ಊರು ದಿನಾ ಬಂದು ಹೋಗುವಷ್ಟು ಹತ್ತಿರವಿಲ್ಲ.

ಇನ್ನೂ ಹಾಕಿಲ್ಲ. ಟ್ರಂಕಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಪ್ಲೀಸ್, ಆ 'ಹೂಂ' ಒತ್ತುವ ಮೊದಲು ಒಂದು ಸಲ ಕೈ ತಡೆಯಿರಿ. ನಿಮ್ಮ ಕಾಲದಲ್ಲಿ ಅವಳಿನ್ನೂ ಬದುಕಿದ್ದಾಳೆ. ಅನುಮಾನವಿದ್ದರೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ಕೂಗಿ ನೋಡಿ. ಸದರಿಯವರೇ ಎಂದರೆ ಯಾರೂ ತಿರುಗುವುದಿಲ್ಲ. ಶಿವಗಂಗವ್ವಾ ಎಂದರೆ, ಹೊಲಿಗೆ ಮೆಷಿನ್ನು ನಿಲ್ಲಿಸಿ, "ಯಾರವಾ ಅದು?" ಅನ್ನುತ್ತಾಳೆ.