ಹತ್ತು ಗಂಟೆಯ ಮೀನು

ಫೆಬ್ರವರಿ 11, ಮಂಗಳವಾರ

ಮೂಡಣ ಗಾಳಿ, ನಾಲ್ಕನೆಯ ದಿನ. ನದೀಬಾಯಿಯ ನೀರು ಚಹಾದ ಬಣ್ಣ. ಹೊರಗಿನ ಆಳವಿಲ್ಲದ ನೀರು ಮಾತ್ರ ತಿಳಿಯಾಗಿತ್ತು. ಅಲ್ಲಿಗೇ ಹೋದೆವು. ನಮ್ಮ ಲಾಡ್ಜಿನ ಗೆಸ್ಟ್ ಹ್ಯೂಸ್ಟನ್‌ನ ಹಲ್ಲಿನ ಡಾಕ್ಟರು. ಬಲಗೈಯಲ್ಲಿ ಬೀಸುವವನು. ದೋಣಿಯ ಮೂತಿಯಲ್ಲಿ ಗಾಳಕೋಲು ಹಿಡಿದು ನಿಂತ. ನಾನು ಹಿಂದೆ, ಅಟ್ಟದ ಮೇಲೆ, ದೋಣಿ ನೂಕುವ ಜಲ್ಲೆ ಒತ್ತುತ್ತ.

ಪರ್ಮಿಟ್ ಮೀನು ಮೂರು ಸಲ ಕಂಡಿತು. ಮೂರು ಸಲವೂ ‘ಎರಡು ಗಂಟೆ, ನಲವತ್ತಡಿ’ ಎಂದೆ. ದೋಣಿಯ ಮೂತಿ ಹನ್ನೆರಡು, ಬಲಕ್ಕೆ ಒಂದು, ಎರಡು, ಎಡಕ್ಕೆ ಹನ್ನೊಂದು, ಹತ್ತು, ಹೀಗೆ ಉಳಿದ ಗಂಟೆಗಳೆಲ್ಲ ಅಲ್ಲಿಂದ ಎಣಿಕೆ. ಬಂದ ಮೊದಲ ದಿನವೇ ಎಲ್ಲ ಗೆಸ್ಟ್‌ಗೂ ಕಲಿಸುವ ಪಾಠ. ಇಪ್ಪತ್ತಾರು ವರ್ಷ ಕಲಿಸಿದ್ದೇನೆ.

“ನಿಮ್ಮ ಸಮುದ್ರದಲ್ಲಿ ಎರಡು ಗಂಟೆ ಬಿಟ್ಟು ಬೇರೆ ಹೊತ್ತೇ ಆಗಲ್ವೇನಪ್ಪಾ?” ಎಂದ ಡಾಕ್ಟರು. ತಾನೇ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ನಾನೂ ನಕ್ಕೆ.

ಮೀನು ಸಿಗಲಿಲ್ಲ.

ಫೆಬ್ರವರಿ 13, ಗುರುವಾರ

ಡೆಲ್ಫಿನ್ ಗಮನಿಸಿದ್ದಾನೆ. ಚಿಕ್ಕಮ್ಮನ ಮಗ, ನನ್ನ ಜೊತೆಗೇ ಗೈಡ್ ಆದವನು. ಇವತ್ತು ಅವನ ದೋಣಿ ಅರ್ಧ ಮೈಲಿ ಆಚೆ ಇತ್ತು. ಸಂಜೆ ಶೆಡ್ಡಿನಲ್ಲಿ ಕೊಕ್ಕೆಗೆ ಪುಕ್ಕ ಸುತ್ತುತ್ತ, ಏಡಿಯ ಆಕಾರ ಬರಿಸುತ್ತ, ತಲೆ ಎತ್ತದೆ ಕೇಳಿದ:

“ಎಲಿಜಿಯೊ, ಬಲಗೈಯವನನ್ನ ಎರಡು ಗಂಟೆಗೆ ಬೀಸೋಕೆ ನಿಲ್ಲಿಸ್ತಿದ್ದೀಯಲ್ಲೋ. ತಲೆ ಕೆಟ್ಟಿದೆಯಾ?”

“ಗಾಳಿ ಹಾಗಿತ್ತು.”

“ನನಗಿದ್ದದ್ದೂ ಅದೇ ಗಾಳಿ ಕಣೋ.”

ಅವನು ಹೇಳಿದ್ದು ಸರಿ. ಬಲಗೈಯವನಿಗೆ ಹತ್ತು, ಹನ್ನೊಂದು ಸುಖ. ಹಿಂದಕ್ಕೆ ಬೀಸಿದ ದಾರ ದೋಣಿಯ ಹೊರಗೆ ಹೋಗುತ್ತದೆ. ಎರಡಕ್ಕೆ ಬೀಸಿದರೆ ಅದೇ ದಾರ ನನ್ನ ತಲೆಯ ಮೇಲೆ. ಹೊಸಬರೂ ಮಾಡದ ತಪ್ಪು.

ಇಲ್ಲಿಯಾದರೂ ಬರೆದಿಡುತ್ತೇನೆ. ನನ್ನ ಗಡಿಯಾರದಲ್ಲಿ ಹತ್ತು, ಹನ್ನೊಂದು ಇಲ್ಲ. ಎಡಗಣ್ಣು ಪೂರ್ತಿ ಹೋದ ಹಾಗೆಯೇ. ಬಲಗಣ್ಣಿನ ಎಡ ಅಂಚೂ ಹೋಗಿದೆ. ಕತ್ತಲೆಯೇನಲ್ಲ. ಕತ್ತಲೆಯಾಗಿದ್ದರೆ ಗೊತ್ತಾಗುತ್ತಿತ್ತು. ಅಲ್ಲಿ ಏನೂ ಇಲ್ಲ, ಅಷ್ಟೆ. ಅದಕ್ಕೇ ದೋಣಿ ತಿರುಗಿಸಿ ಮೀನನ್ನು ಬಲಕ್ಕೆ ತಂದುಕೊಳ್ಳುತ್ತೇನೆ.

ಫೆಬ್ರವರಿ 14, ಶುಕ್ರವಾರ

ಡಾಕ್ಟರನ ಕೊಕ್ಕೆ ನನ್ನ ಕೆನ್ನೆಗೆ ಚುಚ್ಚಿತು. ಎಡಗೆನ್ನೆ, ಕಣ್ಣಿನಿಂದ ಒಂದು ಬೆರಳು ಕೆಳಗೆ. ಬಂದದ್ದು ಕಾಣಲಿಲ್ಲ.

ಅವನು ಅತ್ತೇಬಿಟ್ಟ. “ಸಾರಿ ಸಾರಿ, ಅಯ್ಯೋ ದೇವರೇ, ಒಂದಿಂಚು ಮೇಲೆ ಬಿದ್ದಿದ್ರೆ...”

ಡೆಲ್ಫಿನ್ ದಾರದ ಕುಣಿಕೆ ಹಾಕಿ, ಕೊಕ್ಕೆಯ ಬೆನ್ನು ಅದುಮಿ, ಒಂದೇ ಎಳೆತಕ್ಕೆ ತೆಗೆದ. “ಪ್ರೇಮಿಗಳ ದಿನ ಕಣೋ. ಮುತ್ತು ಸಿಕ್ತಲ್ಲ” ಎಂದ. ನಗಲಿಲ್ಲ.

ಒಂದಿಂಚು ಮೇಲೆ ಬಿದ್ದಿದ್ದರೆ ಎಂದು ಇಡೀ ಸಂಜೆ ಯೋಚಿಸಿದೆ. ಕಣ್ಣು ಹೋದದ್ದಕ್ಕೆ ಒಂದು ಕಾರಣ ಸಿಗುತ್ತಿತ್ತು. ಗೈಡಿಗೆ ಒಪ್ಪುವ ಕಾರಣ.

ಮಾರ್ಚ್ 10, ಸೋಮವಾರ

ಬರೆದಿಲ್ಲ ಇಷ್ಟು ದಿನ. ಮತ್ತೆ ಪಟ್ಟಣದ ಕ್ಲಿನಿಕ್ಕಿಗೆ ಹೋಗಿ ಬಂದೆ. ಕಣ್ಣೊಳಗಿನ ಒತ್ತಡ ಇಳಿದಿಲ್ಲ. “ಹೋದದ್ದು ಬರೋದಿಲ್ಲ. ಇರೋದನ್ನ ಉಳಿಸ್ಕೊಳ್ಳಿ” ಎಂದಳು ಡಾಕ್ಟರಮ್ಮ. ಬೇರೆ ಹನಿ ಕೊಟ್ಟಳು. ಗೈಡ್ ಪರ್ಮಿಟ್ಟಿನ ಕಾಗದ ಜೇಬಿನಲ್ಲೇ ಇತ್ತು. ಏಪ್ರಿಲ್ ಹದಿನೈದರೊಳಗೆ ಕಣ್ಣು ಸರಿಯಿದೆಯೆಂದು ಒಬ್ಬ ಡಾಕ್ಟರು ಸಹಿ ಹಾಕಬೇಕು. ಜೇಬಿನಿಂದ ತೆಗೆಯಲಿಲ್ಲ.

ಮೀನಿನ ಹೆಸರೂ ಪರ್ಮಿಟ್, ಈ ಕಾಗದದ ಹೆಸರೂ ಪರ್ಮಿಟ್. ಎರಡೂ ನನಗೆ ಎಡಗಡೆಯಿಂದಲೇ ಬರುತ್ತಿವೆ.

ಮಾರ್ಚ್ 18, ಮಂಗಳವಾರ

ಮಿಸ್ ಹ್ಯಾರಿಯೆಟ್ ಬಂದಿದ್ದಾರೆ. ಹನ್ನೆರಡನೆಯ ವರ್ಷ. ಎಪ್ಪತ್ತು ದಾಟಿದೆ, ಮೊಣಕಾಲಿಗೆ ಪಟ್ಟಿ. ಎಡಗೈ!

ಎಡಗೈಯವರಿಗೆ ಒಂದು, ಎರಡೇ ಸುಖ. ದಿನವಿಡೀ ಹುಡುಗನ ಹಾಗೆ ಜಲ್ಲೆ ಒತ್ತಿದೆ. ಬೆಳಿಗ್ಗೆ ಹತ್ತೂವರೆಗೆ ಮರಳುದಿಬ್ಬದ ಅಂಚಿನಲ್ಲಿ ಬಾಲವೊಂದು ನೀರಿನ ಮೇಲೆ ಎದ್ದಿತು, ಕರಿಯ ಕುಡುಗೋಲು. “ಒಂದು ಗಂಟೆ, ಐವತ್ತಡಿ, ಈಗ.” ಬೀಸಿದರು. ಕೊಕ್ಕೆ ಬಾಯಲ್ಲಿ ಕೂತಿತು. ಇಪ್ಪತ್ತು ನಿಮಿಷ ಎಳೆದಾಡಿಸಿತು. ನೀರಿಗಿಳಿದು ಬಾಲ ಹಿಡಿದೆ. ತಣ್ಣಗೆ, ಗಟ್ಟಿಯಾಗಿ ಕೈಯಲ್ಲಿ ಒಂದು ಸಲ ನಡುಗಿತು. ಮತ್ತೆ ನೀರಿಗೇ ಬಿಟ್ಟೆವು.

ಒಂದು ದಿನದ ಮಟ್ಟಿಗೆ ನನಗೆ ಏನೂ ಆಗಿರಲಿಲ್ಲ.

ಮಾರ್ಚ್ 20, ಗುರುವಾರ

ಮಧ್ಯಾಹ್ನ, ಉಬ್ಬರ ನಿಂತ ಹೊತ್ತು. ಮಿಸ್ ಹ್ಯಾರಿಯೆಟ್ ತಟ್ಟನೆ ಹೇಳಿದರು: “ಹತ್ತು ಗಂಟೆ! ದೊಡ್ಡದು!”

ನಾನು ತಡಮಾಡಲಿಲ್ಲ. “ನೋಡಿದೆ. ಹೆದರಿಬಿಟ್ಟಿದೆ, ಆಳಕ್ಕೆ ಹೋಯ್ತು.”

ಅವರು ಗಾಳಕೋಲನ್ನು ಮೆಲ್ಲಗೆ ಕೆಳಗಿಟ್ಟರು.

“ಅಲ್ಲಿ ಮೀನಿರ್ಲಿಲ್ಲ, ಎಲಿಜಿಯೊ.”

ಜಲ್ಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. 

“ಸುಮ್ನೆ ಹೇಳಿದೆ. ಕಣ್ಣು ಹೋಗ್ತಾ ಇದ್ದಾಗ ನನ್ನ ಗಂಡನೂ ಹೀಗೇ ಮಾಡ್ತಿದ್ರು. ನಾನು ಏನು ತೋರಿಸಿದ್ರೂ ‘ಹೂಂ, ನೋಡಿದೆ’ ಅನ್ನೋರು.”

ಇಪ್ಪತ್ತಾರು ವರ್ಷದಲ್ಲಿ ಇಲ್ಲದ ಮೀನನ್ನು ಎಷ್ಟೋ ಗೆಸ್ಟ್‌ಗಳು ಕಂಡಿದ್ದಾರೆ. ‘ಅದು ನೀರಂಚಿನ ಕಾಂಡ್ಲಾ ಗಿಡದ ಬೇರು’, ‘ಅದು ಮೋಡದ ನೆರಳು’ ಎಂದು ಹೇಳುವುದೇ ನನ್ನ ಕೆಲಸ. ಇವತ್ತು ನಾನೇ ಇಲ್ಲದ ಮೀನನ್ನು ಓಡಿಸಿದೆ.

“ನಾನು ಯಾರಿಗೂ ಹೇಳಲ್ಲ” ಎಂದರು. “ಹೇಳ್ಬೇಕಾದವನು ನೀನು. ಮೀನು ತಪ್ಪಿದ್ರೆ ಹೋಗ್ಲಿ ಬಿಡು. ಆ ನದಿಯಲ್ಲಿ ಮೋಟಾರು ಓಡಿಸ್ತೀಯಲ್ಲ, ನನಗೆ ಅದರದ್ದೇ ಭಯ.”

ಲಾಡ್ಜಿಗೆ ಮರಳುವಾಗ ನನ್ನ ಎಡಕ್ಕೆ ಬಂದು ಕೂತರು. ಪ್ರತಿ ತಿರುವಿನಲ್ಲೂ “ಖಾಲಿ”, “ಖಾಲಿ” ಎಂದು ಮೆತ್ತಗೆ ಹೇಳುತ್ತಿದ್ದರು.

ಮಾರ್ಚ್ 22, ಶನಿವಾರ

ಹೋದರು. ಎಡಗಡೆಯ ಸೀಟು ಖಾಲಿ. ಅಲ್ಲಿ ಯಾರೂ ಇಲ್ಲದ್ದೂ ನನಗೆ ಕಾಣುವುದಿಲ್ಲ.

ಮುಂದಿನ ವಾರ ಮಿಸ್ ಒಡೆಟ್‌ಗೆ ಹೇಳುತ್ತೇನೆ. ಲಾಡ್ಜ್ ನಡೆಸುವವಳು, ಯಾರ ದೋಣಿಗೆ ಯಾರು ಎಂದು ಬೋರ್ಡಿನ ಮೇಲೆ ಬರೆಯುವವಳು. ಒಂದೇ ಒಂದು ವಾರ.

ಏಪ್ರಿಲ್ 3, ಗುರುವಾರ



ಬೆಳಿಗ್ಗೆ ಐದೂ ಮುಕ್ಕಾಲು. ಮನೆಯಿಂದ ಲಾಡ್ಜಿಗೆ, ಒಬ್ಬನೇ. ಎರಡನೆಯ ತಿರುವು. ಸದ್ದು ಮೊದಲು ಬಂತು, ಒಣಕಟ್ಟಿಗೆ ಸೀಳಿದಂತೆ. ಮೋಟಾರು ನಿಲ್ಲಿಸಿ ತಿರುಗಿದರೆ ಮರದ ದೋಣಿ ಬೋರಲು. ನೀರಿನಲ್ಲಿ ಸೆಬಾಸ್ಟಿಯಾನ ಚಿಕ್ಕಮ್ಮ, ಡೆಲ್ಫಿನ್‌ನ ತಾಯಿ, ಕಾಂಡ್ಲಾ ಬೇರು ಹಿಡಿದು ಕೆಮ್ಮುತ್ತ, ಬೈಯುತ್ತ:

“ಏ ಕುರುಡು ಮುಂಡೇದೇ! ಕಣ್ಣು ಕಾಣಲ್ವೇನೋ!”

ನದಿಯಲ್ಲಿ ಎಲ್ಲರೂ ಎಲ್ಲರಿಗೂ ಬೈಯುವ ಬೈಗುಳ. ಎತ್ತಿ ದೋಣಿಗೆ ಹಾಕಿಕೊಂಡೆ. ಮಣಿಕಟ್ಟು ಮುರಿದಿದೆ. ನನ್ನ ಮುಖ ನೋಡಿದ ಮೇಲೆ ಬೈಯುವುದನ್ನು ನಿಲ್ಲಿಸಿದಳು. ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಸಂಜೆಯ ಹೊತ್ತಿಗೆ ಚಿಕ್ಕಮ್ಮ ಊರಿಗೆಲ್ಲ ಹೇಳಿಯಾಗಿತ್ತು. “ನಂದೇ ತಪ್ಪು ಕಣ್ರೋ. ದೀಪ ಇಟ್ಕೊಳ್ದೇ ಗಾಳ ಹಾಕೋಕೆ ಹೋಗಿದ್ದೆ.”

ಏಪ್ರಿಲ್ 5, ಶನಿವಾರ

ಚಿಕ್ಕಮ್ಮನ ದೋಣಿಗೆ ಹಲಗೆ ಹಾಕುತ್ತಿದ್ದೆ. ಡೆಲ್ಫಿನ್ ಬಂದ. ಕೆಸರು ಮೆತ್ತಿದ ಲಾಟೀನನ್ನು ನಮ್ಮಿಬ್ಬರ ನಡುವೆ ಇಟ್ಟ. ಗಾಜು ಒಡೆದಿತ್ತು. ಬತ್ತಿ ಏರಿಸಿಯೇ ಇತ್ತು.

“ನೀರಿಳಿದಾಗ ಸಿಕ್ತು. ಅಮ್ಮ ದೀಪ ಹಚ್ಚಿದ್ಲು.”

ಸುತ್ತಿಗೆ ಕೆಳಗಿಟ್ಟೆ.

“ಎಷ್ಟು ದಿನದಿಂದ?” ಎಂದ.

“ಹೋದ ಆಗಸ್ಟ್‌ನಿಂದ.”

“ನನಗೆ ಗೊತ್ತಿತ್ತು ಕಣೋ. ಗೊತ್ತಿಲ್ಲ ಅಂದ್ಕೊಂಡಿದ್ದೆ. ನೀನು ಜಲ್ಲೆ ಬಿಟ್ರೆ ಇನ್ನೇನು ಹಿಡೀತೀಯ? ಅದಕ್ಕೇ ಸುಮ್ನಿದ್ದೆ.” ಮೊಳೆಯೊಂದನ್ನು ಎತ್ತಿಕೊಟ್ಟ. “ಸುಮ್ನಿದ್ದು ಅಮ್ಮನ ಕೈ ಮುರಿಸಿದೆ. ಈಗ ನಾನು ಹೇಳ್ಲಾ, ನೀನೇ ಹೇಳ್ತೀಯಾ?”

“ನಾನೇ.”

“ಸೋಮವಾರ.”

“ಸೋಮವಾರ.”

ಏಪ್ರಿಲ್ 6, ಭಾನುವಾರ

ಪೂಜೆಯ ಹೊತ್ತಿಗೆ ಚರ್ಚಿನಲ್ಲಿ ಚಿಕ್ಕಮ್ಮನನ್ನು ಹುಡುಕಿದೆ. ಬಾಗಿಲವರೆಗೂ ತಿರುಗಿ ನೋಡಿದೆ. ಎಡಗಿವಿಯ ಹತ್ತಿರದಿಂದಲೇ ದನಿ ಬಂತು: “ಇಲ್ಲೇ ಇದೀನಿ ಕಣೋ. ಆಗ್ಲಿಂದ.”

ಊಟಕ್ಕೆ ಕರೆದಳು. ಬಾಳೆಕಾಯಿ ಕುಟ್ಟಲು ಅವಳಿಗೆ ಕೈಯಿಲ್ಲ. ನಾನೇ ಕುಟ್ಟಿದೆ. ತೆಂಗಿನಹಾಲಿನ ಮೀನುಸಾರಿಗೆ ಕಲಸಿಕೊಂಡು ಇಬ್ಬರೂ ಉಂಡೆವು. ದೀಪದ ಮಾತು ಅವಳೂ ತೆಗೆಯಲಿಲ್ಲ.

ಏಪ್ರಿಲ್ 7, ಸೋಮವಾರ, ಬೆಳಿಗ್ಗೆ

ಡೆಲ್ಫಿನ್‌ನ ದೋಣಿಯಲ್ಲೇ ಲಾಡ್ಜಿಗೆ ಬಂದೆ. ಬೋರ್ಡು ನೋಡಿದೆ. ನನ್ನ ಹೆಸರಿನ ಮುಂದೆ ಹೊಸ ಗೆಸ್ಟ್, ಪಕ್ಕದಲ್ಲಿ ಮಿಸ್ ಒಡೆಟ್‌ಳ ದುಂಡು ಅಕ್ಷರ — ಎಡಗೈ.

“ನಿನಗೋಸ್ಕರಾನೇ ಹುಡುಕಿ ಹಾಕಿದೀನಿ” ಎಂದಳು. “ಎಡಗೈಯವರು ಸಿಕ್ರೆ ನಿನ್ನ ಮುಖದಲ್ಲಿ ಹಬ್ಬ.”

ಬಲಕ್ಕೆ ತೆರೆದ ಕಿಟಕಿ. ನೀರು ಕನ್ನಡಿಯಾಗಿತ್ತು. ಗಾಳಿಯಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಸಿಗುವ ದಿನ. ಇನ್ನೊಂದು ವಾರ ಎಂದುಕೊಂಡೆ. ನಿಜವಾಗಿ ಅಂದುಕೊಂಡೆ.

ಡೆಲ್ಫಿನ್ ಕಟ್ಟೆಯ ಮೇಲೆ ನಿಂತಿದ್ದ. ಇತ್ತ ನೋಡುತ್ತಿರಲಿಲ್ಲ.

“ಮಿಸ್ ಒಡೆಟ್, ಹತ್ತು ಗಂಟೆ...”

ಅವಳು ಗೋಡೆಯ ಗಡಿಯಾರ ನೋಡಿದಳು. “ಈಗಿನ್ನೂ ಆರೂವರೆ, ಮಾರಾಯ. ಹತ್ತಕ್ಕೇನು?”

“ಆ ಗಡಿಯಾರ ಅಲ್ಲ. ದೋಣೀದು.”

ಅವಳು ಸೀಮೆಸುಣ್ಣ ಕೆಳಗಿಟ್ಟಳು. ಹೇಳಿದೆ. ಹತ್ತಿಲ್ಲ, ಹನ್ನೊಂದಿಲ್ಲ. ಚಿಕ್ಕಮ್ಮನ ದೀಪ ಉರಿಯುತ್ತಿತ್ತು. ಮತ್ತೆ, ಡೆಲ್ಫಿನ್‌ಗೂ ಹೇಳದ್ದು — ಮೊನ್ನೆಯಿಂದ ಹನ್ನೆರಡೂ ಮಸುಕಾಗುತ್ತಿದೆ.