ಎತ್ತಿನ ಕಿವಿಯ ಬಿಲ್ಲೆ

11 ಜನವರಿ 1982, ಹುಮನಾಬಾದ್

ಇವತ್ತೂ ಮನ್ನಾಏಖೇಳ್ಳಿ. ಹೈವೇ ಪಕ್ಕ ಮಗುಚಿ ಬಿದ್ದ ಲಾರಿ. ಅಜೀಮುದ್ದೀನ್ ಸಾಹೇಬರು ಒಂದು ಸುತ್ತು ಹಾಕಿ ಬಂದರು, ಏನೂ ಬರೆದುಕೊಳ್ಳಲಿಲ್ಲ. ನಾನೊಬ್ಬ ಪೆನ್ನು ತೆರೆದು ನಿಂತಿದ್ದೆ.

"ಮೊದಲ ಡ್ರೈವರಗ ಚಾ ಕುಡಸು ಬೇಟಾ. ಒಡದ ಗ್ಲಾಸು ಎಲ್ಲಿಗೂ ಓಡಿ ಹೋಗಂಗಿಲ್ಲ."

ಇದು ನನ್ನ ಟ್ರೇನಿಂಗು. ನಷ್ಟವಾದ ಕಡೆ ಹೋಗಿ, ನೋಡಿ, ವಿಮಾ ಕಂಪನಿಗೆ ರಿಪೋರ್ಟು ಬರೆಯುವ ಸರ್ವೇಯರನ ಕೆಲಸ. ಸಾಹೇಬರು ಈ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಮಾರ್ಚ್ ಒಂದಕ್ಕೆ ನನ್ನ ಪ್ರೊಬೇಷನ್ ಮುಗಿಯುತ್ತದೆ. ಆಮೇಲೆ ಪರ್ಮನೆಂಟು... ಇಲ್ಲವೇ ಮನೆಗೆ, ಬಸವಕಲ್ಯಾಣದ ಬಸ್ಸು.

ಬರುವಾಗ ದಾರಿಯಲ್ಲಿ ಜಲ್ಲಿಯ ರಾಶಿ. ಇಂಥದೇ ರಾಶಿಯ ಮೇಲೆ ಕೂತು ಬೆಳೆದವನು ನಾನು. ಅವ್ವ ಕಲ್ಲು ಒಡೆಯುವಾಗ ನನ್ನ ಕೈಗೆ ತಣ್ಣನೆ ಜೋಳದ ರೊಟ್ಟಿ, ಪುಂಡಿಪಲ್ಯ. ಆ ರುಚಿ ಈ ಖಾನಾವಳಿಯಲ್ಲಿ ಎಲ್ಲಿಂದ ಬರಬೇಕು. ಮನೆ ಬಹಳ ನೆನಪಾಗುತ್ತಿದೆ.

19 ಜನವರಿ

ಮೊದಲ ದನದ ಕ್ಲೇಮು. ಕೊಡಂಬಲದಲ್ಲಿ ಸತ್ತ ಎಮ್ಮೆ. ವಿಮೆ ಮಾಡಿದ ದನದ ಕಿವಿಗೆ ಕಂಪನಿಯ ನಂಬರಿನ ಬಿಲ್ಲೆ ಹೊಡೆದಿರುತ್ತಾರೆ. ದನ ಸತ್ತರೆ ಬಿಲ್ಲೆಯನ್ನು ಕಿವಿಯ ತುಂಡಿನ ಸಮೇತ ಆಫೀಸಿಗೆ ಕೊಡಬೇಕು. ಬರೀ ಬಿಲ್ಲೆ ನಡೆಯುವುದಿಲ್ಲ. ಬದುಕಿದ ದನದಿಂದ ಕಿತ್ತು ತರುವ ಜಾಣರೂ ಇರುತ್ತಾರಲ್ಲ.

ಸಾಹೇಬರು ಚೀಲದಿಂದ ಚಾಕು ತೆಗೆದು ತಾವೇ ಕೊಯ್ದರು. "ಸಾಕಿದವರ ಕೈಲಿ ಕೊಯ್ಯಸಬಾರದು. ಅವರ ಹೊಟ್ಟಿ ಮೊದಲೇ ಸುಟ್ಟಿರ್ತದ. ಈ ಕೆಲಸ ನಮ್ಮದು."

ನಾನು ದೂರ ನಿಂತಿದ್ದೆ. ವಾಸನೆಗಲ್ಲ.

ಸತ್ತ ದನ ಎಳೆಯುವುದು ಊರಲ್ಲಿ ನಮ್ಮ ಮನೆತನದ ಪಾಲಿಗೆ ಕಟ್ಟಿದ ಕೆಲಸ. ಐವತ್ತಾರರ ದಸರೆಗೆ ಅಪ್ಪ ನಾಗಪುರಕ್ಕೆ ಹೋದ, ಬುದ್ಧನ ದೀಕ್ಷೆ ತಗೊಂಡು ಬಂದ. ಇನ್ನು ಮೇಲೆ ಸತ್ತ ದನ ಮುಟ್ಟುವುದಿಲ್ಲ ಅಂತ ಚಾವಡಿಯ ಮುಂದೆ ನಿಂತು ಹೇಳಿದ. ಊರವರು ಕೂಲಿ ಕೊಡುವುದು ನಿಲ್ಲಿಸಿದರು. ಹೇಗೋ ಕೆಲವು ವರ್ಷ ತಳ್ಳಿ, ನಾನು ಐದು ವರ್ಷದವನಿದ್ದಾಗ ಊರು ಬಿಟ್ಟು ಬಸವಕಲ್ಯಾಣ ಸೇರಿದ್ದು, ರಸ್ತೆಗೆ ಕಲ್ಲು ಒಡೆದದ್ದು. ಈ ಕಥೆ ಕೇಳಿಯೇ ನಾನು ಉಂಡು ಮಲಗಿದವನು. ಅಪ್ಪ ಜಂಬದಿಂದ ಹೇಳುವುದು ಇದೊಂದನ್ನೇ.

ನನ್ನದು ಮನುಷ್ಯರ ಜೀವ ವಿಮೆಯ ನೌಕರಿ ಅಂತ ಅಪ್ಪ ತಿಳಿದಿದ್ದಾನೆ. ಹೇಳಬೇಕು. ಬಾಯಿ ಬರುತ್ತಿಲ್ಲ.

2 ಫೆಬ್ರವರಿ

ಸಾಹೇಬರು ನನಗೊಂದು ಚಾಕು ಕೊಟ್ಟರು. ಕೊಂಬಿನ ಹಿಡಿ, ಹೈದರಾಬಾದಿನದು. ಅವರ ಉಸ್ತಾದರು ಅವರಿಗೆ ಕೊಟ್ಟದ್ದಂತೆ. "ನನ್ನ ಮಗ ದುಬೈಗಿ ಹೋದ. ಇದು ಯಾರಿಗಿ ಕೊಡ್ಲಿ, ನಿನಗಲ್ದ?"

ಬೇಡ ಅನ್ನಲು ಆದೀತೆ. ದಿನಾ ತಮ್ಮ ಡಬ್ಬಿಯ ಖಿಚಡಿ ಅರ್ಧ ನನಗೆ ಹಾಕುವವರು. ತೆಗೆದುಕೊಂಡೆ, ಚೀಲದ ತಳಕ್ಕೆ ಇಟ್ಟೆ.

9 ಫೆಬ್ರವರಿ

ಇವತ್ತು ಸಾಹೇಬರಿಗೆ ಎಲ್ಲ ಹೇಳಿಬಿಟ್ಟೆ. ಅಪ್ಪನ ಆಣೆ, ಊರು, ಎಲ್ಲ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಬೀಡಿ ಮುಗಿಸಿ ತುಂಡು ನೆಲಕ್ಕೆ ಒತ್ತಿದರು.

"ನಾ ಇರೂತನಕ ನಾನೇ ಕೊಯ್ತೀನಿ. ಹೋದಮ್ಯಾಲ ನೀನು, ನಿನ್ನ ಅಪ್ಪ, ನಿನ್ನ ಮ್ಯಾನೇಜರು ನೋಡ್ಕೋರಿ."

"ಚಾಕು ವಾಪಸ್ ಕೊಡ್ಲಿ ಏನ್ರಿ?"

"ಯಾಕ? ಪೆನ್ಸಿಲ್ ಕೆತ್ತು."

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ.

20 ಫೆಬ್ರವರಿ

ಸಾಹೇಬರಿಗೆ ಜ್ವರ. ದನದ ಕ್ಲೇಮು ಬಂದಿದೆ — ಮಹಾರುದ್ರಪ್ಪ ಅನ್ನುವ ದೊಡ್ಡ ರೈತರ ಎತ್ತು. ಊರಿನ ಹೆಸರು ಓದಿ ಕಾಗದ ಇನ್ನೊಮ್ಮೆ ನೋಡಿದೆ. ನಮ್ಮದೇ ಊರು. ಮ್ಯಾನೇಜರು ಹೇಳಿದರು — ನಾಳೆ ನೀನೊಬ್ಬನೇ ಹೋಗು, ನಿನ್ನ ಕನ್ಫರ್ಮೇಷನ್ನಿಗೆ ಇದೇ ಪರೀಕ್ಷೆ ಅಂದುಕೋ.

21 ಫೆಬ್ರವರಿ, ಸಂಜೆ

ಬಸ್ಸು ಇಳಿದ ಕೂಡಲೇ ಹುಣಸೆಮರ. ಅವ್ವ ಹೇಳುತ್ತಿದ್ದ ತಿರುವಿನಲ್ಲೇ. ಚಾವಡಿ, ಬಾವಿ, ಎಲ್ಲ ಇವೆ, ನನ್ನ ಮನಸ್ಸಿನಲ್ಲಿದ್ದುದಕ್ಕಿಂತ ಚಿಕ್ಕವು. ನಮ್ಮ ಮನೆ ಕೇಳಿಕೊಂಡು ಹೋದೆ. ಒಂದು ಗೋಡೆ ಉಳಿದಿದೆ, ಒಳಗೆ ಔಡಲ ಗಿಡ ಬೆಳೆದಿದೆ. ಗೋಡೆಗೆ ಕೈ ಇಟ್ಟೆ. ಅಳು ಬಂತು. ಈ ಊರು ನಮ್ಮನ್ನು ಹೇಗೆ ನಡೆಸಿಕೊಂಡಿತು ಅಂತ ಗೊತ್ತಿದ್ದೂ ಬಂತು.

ಮಹಾರುದ್ರಪ್ಪನವರ ಹೊಲ. ದನದ ಡಾಕ್ಟರು ನೋಡಿ, ಸಹಿ ಹಾಕಿ ಹೋಗಿದ್ದರು. ಕುಣಿ ತೋಡಿತ್ತು. ಎತ್ತಿನ ಹಣೆಗೆ ವಿಭೂತಿ, ಮೈಮೇಲೆ ಹೊಸ ಬಿಳಿ ಬಟ್ಟೆ. ಸಾಕಿದ ಎತ್ತನ್ನು ಅವರು ಮನೆಯ ಹಿರಿಯರಂತೆ ಮಣ್ಣು ಮಾಡುತ್ತಾರೆ. ಕಿವಿಯಲ್ಲಿ ಬಿಲ್ಲೆ ಹಾಗೇ ಇತ್ತು.

ಹೆಸರು ಕೇಳಿದರು. ಅಪ್ಪನ ಹೆಸರು ಕೇಳಿದರು.

"ಲಾಲಪ್ಪನ ಮಗ ಏನು? ಚಲೋ ಆತು. ನಾವು ಬಸವಣ್ಣಗ ಕತ್ತಿ ಹಚ್ಚಂಗಿಲ್ಲ. ನಿಮ್ಮ ಕೈಗಿ ರೂಢಿ ಅದ. ತಗಿ."

"ಬಿಲ್ಲೆ ನೀವು ಕೊಡಬೇಕ್ರಿ. ನಾ ತಗೊಳ್ಳಾಂವ."

"ಆ ಸಾಹೇಬ ಎಲ್ಲಾ ಕಡಿ ತಾನೇ ಕೊಯ್ತಾನ."

"ಅವರು ತಮ್ಮ ಮನಸಿಲೆ ಕೊಯ್ತಾರ್ರಿ. ನೀವು ನಮ್ಮಪ್ಪನ ಹೆಸರು ಕೇಳಿ ನನಗ ಹೇಳಾಕತ್ತೀರಿ."

ನನ್ನ ಬಾಯಿಂದ ಇಂಥ ಮಾತು ಬಂದದ್ದು ನನಗೇ ಆಶ್ಚರ್ಯ.

"ನಿಮ್ಮ ಮ್ಯಾನೇಜರಗ ಹೇಳ್ತೀನಿ. ನಾಳೆ ನೌಕರಿ ಇರಂಗಿಲ್ಲ."

"ಹೇಳ್ರಿ."

ಹೇಳಿಬಿಟ್ಟೆ. ನೌಕರಿ ಹೋಯಿತು ಅಂತಲೇ ಅಂದುಕೊಂಡೆ.

ಆಗ ಅವರ ಹೆಂಡತಿ ಕಸ್ತೂರಿಬಾಯಿ ಕುಡಗೋಲು ಹಿಡಿದು ಮುಂದೆ ಬಂದರು. "ಸಣ್ಣ ಕರ ಇದ್ದಾಗಿಂದ ನನ್ನ ಕೈಲೇ ಹಿಂಡಿ ತಿಂದದ. ಇದೂ ನನ್ನ ಕೈಲೇ ಆಗ್ಲಿ." ಕೂತರು. ಕಿವಿ ಹಿಡಿದರು. ಕೈ ನಡುಗಿತು, ಎತ್ತಿನ ತಲೆ ಆ ಕಡೆ ಹೊರಳಿತು. ಮತ್ತೆ ಹಿಡಿದರು, ಮತ್ತೆ ಹೊರಳಿತು. ಮಹಾರುದ್ರಪ್ಪನವರು ಮುಖ ತಿರುಗಿಸಿ ನಿಂತಿದ್ದರು. ಆಕೆ ನನ್ನನ್ನು ಏನೂ ಕೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು.

ನಾನು ಹೋಗಿ ಕೂತೆ. ಎತ್ತಿನ ತಲೆ ತೊಡೆಯ ಮೇಲೆ ಎಳೆದುಕೊಂಡು ಎರಡೂ ಕೊಂಬು ಹಿಡಿದೆ.

"ಈಗ ಕೊಯ್ರಿ, ಅವ್ವಾರ."

ಕೊಯ್ದರು. ಬಟ್ಟೆಯಲ್ಲಿ ಸುತ್ತಿ ನನ್ನ ಅಂಗೈಯಲ್ಲಿಟ್ಟರು. "ತಗೋ ತಮ್ಮಾ." ಬದುವಿನ ಮೇಲೆ ಕೂತು ರಿಪೋರ್ಟು ಬರೆದೆ.

ಮುಟ್ಟಿದೆ. ಅದೂ ಅಪ್ಪನ ಊರಲ್ಲೇ.

1 ಮಾರ್ಚ್

ಮಹಾರುದ್ರಪ್ಪನವರು ದೂರು ಕೊಟ್ಟಿದ್ದರು. ಮ್ಯಾನೇಜರು ಒಳಗೆ ಕರೆದರು. ಸಾಹೇಬರು ಜ್ವರದಲ್ಲೇ ಮಫ್ಲರು ಸುತ್ತಿಕೊಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

"ಬಿಲ್ಲೆ ಬಂದದ, ರಿಪೋರ್ಟು ಸಾಫ್ ಅದ. ಸರ್ವೇಯರೇ ಕೊಯ್ಯಬೇಕಂತ ಎಲ್ಲಿ ಬರದಾರ, ತೋರಸ್ರಿ. ನಾ ಇಷ್ಟು ವರ್ಷ ಕೊಯ್ದದ್ದು ನನ್ನ ಖುಷಿಲೆ."

ಮ್ಯಾನೇಜರು ಕ್ಲೇಮೂ ಪಾಸು ಮಾಡಿದರು, ನನ್ನ ಆರ್ಡರಿಗೂ ಸಹಿ ಹಾಕಿದರು. ಹೊರಗೆ ಬಂದು ಸಾಹೇಬರ ಕಾಲು ಮುಟ್ಟಲು ಹೋದೆ. ಬೈದರು.

7 ಮಾರ್ಚ್, ಬಸವಕಲ್ಯಾಣ

ಆರ್ಡರು ಕಿಸೆಯಲ್ಲೇ ಇಟ್ಟುಕೊಂಡು ಮನೆಗೆ ಬಂದೆ. ತೋರಿಸುವ ಮೊದಲು ಹೇಳಬೇಕಿತ್ತು. ಅಪ್ಪ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ದನದ ವಿಮೆ, ಊರು, ಎತ್ತು — ಒಂದೂ ಬಿಡದೆ ಹೇಳಿದೆ. ಅಪ್ಪ ನೆಲ ನೋಡುತ್ತ ಕೇಳಿದ.

"ಹಿಡ್ಕೊಂಡಿ?"

"ಹಿಡ್ಕೊಂಡೆ. ಆಕಿ ಕೈ ನಡಗಾಕತ್ತಿತ್ತು."

"ಆಂವ ತಗಿ ಅಂದಾಗ?"

"ತಗಿಲಿಲ್ಲ."

ಅಪ್ಪ ನನ್ನ ಕೈ ಎಳೆದು ತನ್ನ ಪಕ್ಕ ಕೂರಿಸಿಕೊಂಡ.

"ನಾ ಬಿಟ್ಟದ್ದು ಅವರು ಹೇಳಿ ಮಾಡಸೂ ಕೆಲಸ. ಅಳೂ ಹೆಣ್ಮಗಳ ಬಾಜೂ ಕೂಡಬ್ಯಾಡ ಅಂತ ನಾ ಯಾವಾಗ ಆಣಿ ಮಾಡೀನಿ?"

ಆಮೇಲೆ ಆರ್ಡರು ಕೊಟ್ಟೆ. ಓದು ಬಾರದ ಅಪ್ಪ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದ, ಒಳಗೆ ಒಯ್ದ. ಈಗ ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತಿರುವುದು ಇಲ್ಲಿಗೂ ಕೇಳುತ್ತಿದೆ — "ದ್ರೌಪತಿ, ಅದೇ ಊರಾಗ ನಿಂತು ಇಲ್ಲ ಅಂದಾನ ನಿನ್ನ ಮಗ." ಅವ್ವ ಏನೋ ಕೇಳಿದಳು. ಅಪ್ಪ ಮತ್ತೆ ಮೊದಲಿನಿಂದ ಶುರು ಮಾಡಿದ. ಚಾವಡಿಯ ಕಥೆ ಹೇಳುವಾಗಿನ ಅದೇ ಜಂಬದ ದನಿ.