ಇಂಚರ ಮಲಗಿದ ಬುಧವಾರ

ಬ್ಯಾಡಗಿ
೧೮-೦೨-೨೦೨೫, ಮಂಗಳವಾರ

ಪ್ರೀತಿಯ ಶ್ರೀದೇವಿ,

ಹೇಗಿದ್ದೀಯವ್ವ? ಬೂಟು ಕಡಿದು ಹಿಮ್ಮಡಿಯ ಮೇಲೆ ಎದ್ದಿದ್ದ ಬೊಕ್ಕೆ ಒಣಗಿತೇ? ಮೊಳಕಾಲಿನ ಬಾವು ಇಳಿಯಿತೇ? ಮುಂಜಾನೆ ಐದಕ್ಕೆ ಓಡಿಸುತ್ತಾರೆ ಎಂದಿದ್ದಿ. ಖಾಲಿ ಹೊಟ್ಟೆಯಲ್ಲಿ ಓಡಬೇಡ, ನಾನು ಕಟ್ಟಿಕೊಟ್ಟ ಶೇಂಗಾ ಉಂಡೆಯಲ್ಲಿ ಅರ್ಧವನ್ನಾದರೂ ಬಾಯಿಗೆ ಹಾಕಿಕೊಂಡು ಹೋಗು. ಗೆಳತಿಯರಿಗೆ ಹಂಚಿ ಆಗಲೇ ಡಬ್ಬಿ ಬರಿದು ಮಾಡಿರುತ್ತೀ, ನಿನ್ನ ಕೈ ನನಗೆ ಗೊತ್ತಿಲ್ಲವೇ! ನನ್ನ ಆರೋಗ್ಯ ಇದ್ದಂತೆ ಇದೆ. ಮಾರುಕಟ್ಟೆಗೆ ಮೆಣಸಿನಕಾಯಿ ಬರಲು ಶುರುವಾಗಿ ಊರಿಗೆ ಊರೇ ಸೀನುತ್ತಿದೆ, ನನ್ನದೂ ಅಷ್ಟೇ.

ಇಂಚರ ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನ್ನ ಎದೆ ಹೊಡೆದುಕೊಳ್ಳಬಾರದು. ಈಗ, ನಾನು ಬರೆಯುತ್ತಿರುವಾಗ, ನನ್ನ ಕಾಲ ಬಳಿಯೇ ಕುಳಿತು ಒಂದು ಚೊಂಬಿನಿಂದ ಇನ್ನೊಂದು ಚೊಂಬಿಗೆ ಜೋಳ ಸುರುವುತ್ತಿದ್ದಾಳೆ. ಅರ್ಧ ನೆಲದ ಮೇಲೆಯೇ ಬೀಳುತ್ತಿದೆ. ಭಾನುವಾರ ನೀನು ಫೋನ್ ಮಾಡಿದಾಗ ಹೇಳಬೇಕಿತ್ತು. ಆದರೆ ನಿಮಗೆ ಕೊಡುವುದು ಹತ್ತು ನಿಮಿಷ, ಪಕ್ಕದಲ್ಲಿ ಮಹಾಂತೇಶ ಕುಳಿತಿದ್ದ. ಮಗನ ಎದುರು ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ನವೆಂಬರಿನಲ್ಲಿ ನೀನು ಪೊಲೀಸ್ ತರಬೇತಿಗೆ ಹೊರಟಾಗ, ಮಗುವನ್ನು ಹೊಸರಿತ್ತಿಗೆ ಕರೆದುಕೊಂಡು ಹೋಗುತ್ತೇನೆಂದು ನಿಮ್ಮ ಅವ್ವ ಭರಮವ್ವನವರು ಬಂದಿದ್ದರು. ಇಂಚರಾಳಿಗೆಂದು ಹೊಲಿದ ಚಿಕ್ಕ ಕೌದಿಯನ್ನೂ ತಂದಿದ್ದರು. ಆಗ ನಾನು ಆಡಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಒಂದಕ್ಷರವೂ ಮರೆತಿಲ್ಲ. "ಮೂವತ್ತೊಂದ ವರ್ಷ ಅಂಗನವಾಡಿ ನಡಿಸೀನಿ ಬೀಗತಿ, ಊರ ಹುಡುಗರನ್ನೆಲ್ಲಾ ಸಂಭಾಳಿಸೀನಿ. ನಿಮ್ಮ ಹೊಲಾ-ಮನೀ ದಗದದೊಳಗ ಕೂಸಿನ ಕಡೆ ಯಾರು ನೋಡತಾರ?" ಭರಮವ್ವನವರು ಕೌದಿಯನ್ನು ಮಂಚದ ಮೇಲಿಟ್ಟು, ಚಹಾವನ್ನೂ ಪೂರ್ತಿ ಕುಡಿಯದೆ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ನಿಜ ಹೇಳುತ್ತೇನೆ ಶ್ರೀದೇವಿ, ಮೂವತ್ತು ಮಕ್ಕಳನ್ನು ನೋಡಿಕೊಳ್ಳುವುದು ಬೇರೆ, ಎರಡೂವರೆ ವರ್ಷದ ಒಂದೇ ಮಗುವಿನ ಜೊತೆ ನಾಲ್ಕು ಗೋಡೆಯ ನಡುವೆ ಇರುವುದು ಬೇರೆ. ಅಲ್ಲಿ ಸಹಾಯಕಿ ಇದ್ದಳು, ಮಕ್ಕಳಿಗೆ ಮಕ್ಕಳೇ ಜೊತೆಯಾಗುತ್ತಿದ್ದರು, ಮಧ್ಯಾಹ್ನ ಊಟವಾದರೆ ಮುಗಿಯಿತು, ಕೀಲಿ ಹಾಕಿ ಮನೆಗೆ ಬರುತ್ತಿದ್ದೆ. ಇಲ್ಲಿ ಇಂಚರ ಬಚ್ಚಲಿಗೂ ಬೆನ್ನು ಹತ್ತುತ್ತಾಳೆ. ನಾನು ರೊಟ್ಟಿ ಬಡಿಯುವಾಗ ಹಿಟ್ಟಿಗೆ ಕೈ, ಪೂಜೆಗೆ ಕುಳಿತರೆ ವಿಭೂತಿಗೆ ಕೈ. ಮೊದಲ ತಿಂಗಳು ಹಾಡು ಹೇಳಿದೆ, ಗೊಂಬೆ ಮಾಡಿಕೊಟ್ಟೆ. ಆಮೇಲೆ ದಣಿದೆ. ದಣಿದೆನೆಂದು ಯಾರ ಎದುರೂ ಹೇಳುವಂತಿರಲಿಲ್ಲ. ಮಾಡಿದ ಜಂಬ ಬಾಯಿ ಕಟ್ಟಿತ್ತು. ಫೋನಿನಲ್ಲಿ ಚಿತ್ರ ಹಚ್ಚಿ ಕೈಗೆ ಕೊಡತೊಡಗಿದೆ.

ಜನವರಿ ಕೊನೆಗೆ ಹಾವೇರಿಯಿಂದ ಕರೆ ಬಂತು. ನಿವೃತ್ತರಾದ ನಾವು ಕೆಲವು ಅಂಗನವಾಡಿ ಕಾರ್ಯಕರ್ತೆಯರಿಗೆ ಫೆಬ್ರವರಿ ಹದಿನಾಲ್ಕಕ್ಕೆ ಸನ್ಮಾನ ಇಟ್ಟುಕೊಂಡಿದ್ದರು. ನಾನು ಹತ್ತು ನಿಮಿಷ ಮಾತಾಡಬೇಕಂತೆ. ವಿಷಯವನ್ನೂ ಅವರೇ ಕೊಟ್ಟಿದ್ದರು: ಚಿಕ್ಕ ಮಕ್ಕಳನ್ನು ಮನೆಯಲ್ಲಿಯೇ ತೊಡಗಿಸಲು ಸರಳ ಚಟುವಟಿಕೆಗಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಗದಿಗೆವ್ವ ಟೀಚರನ್ನು ಇನ್ನೂ ಜನ ಮರೆತಿಲ್ಲವಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಬರೆಯಲು ಕುಳಿತಾಗಲೆಲ್ಲ ಇಂಚರ ಪೆನ್ನು ಎಳೆಯುವಳು, ಹಾಳೆಯ ಮೇಲೆ ಹತ್ತುವಳು. ದಿನ ಹತ್ತಿರ ಬಂದರೂ ಒಂದು ಪುಟ ದಾಟಿರಲಿಲ್ಲ.

ಹನ್ನೆರಡನೆಯ ತಾರೀಖು, ಬುಧವಾರ. ಮಧ್ಯಾಹ್ನ ಊಟವಾಗಿತ್ತು. ಇಂಚರ ಮಲಗಲೊಲ್ಲಳು. ಫೋನಿನ ಚಾರ್ಜು ತೀರಿತ್ತು. ಕಳೆದ ತಿಂಗಳು ನೆಗಡಿಗೆಂದು ತಂದಿದ್ದ ಔಷಧಿಯ ಸೀಸೆ ಕಿಟಕಿಯಲ್ಲಿತ್ತು. ಅದನ್ನು ಕುಡಿದರೆ ನಿದ್ದೆ ಬರುತ್ತದೆಂದು ನನಗೆ ಗೊತ್ತಿತ್ತು. ಅವಳಿಗೆ ನೆಗಡಿ ಇರಲಿಲ್ಲ ಶ್ರೀದೇವಿ. ಮೂಗು ಒಣಗಿತ್ತು, ಮೈ ತಣ್ಣಗಿತ್ತು. ಸುಮ್ಮನೆ ಮಲಗಲಿ ಎಂದು ಕೊಟ್ಟೆ. ಅದೇ ಮೊದಲ ಸಲ. ಕಾಲು ತಾಸು ನೋಡಿದೆ, ಮಲಗಲಿಲ್ಲ, ಇನ್ನೊಂದು ಮುಚ್ಚಳ ಕೊಟ್ಟೆ. ಸಿಹಿಯಾಗಿತ್ತು, ಅವಳು ತುಟಿ ನೆಕ್ಕಿ ನಕ್ಕಳು. ಆಮೇಲೆ ಮಲಗಿದಳು. ನಾನು ಕುಳಿತು ಬರೆದೆ. ಮಗುವಿನ ಕೈಗೆ ಹಿಟ್ಟಿನ ಉಂಡೆ ಕೊಡಿ, ಬಟ್ಟೆಯ ಕ್ಲಿಪ್ಪು ಕೊಡಿ, ನೀರು ತುಂಬಿದ ಬೋಗುಣಿ ಕೊಟ್ಟು ಪಕ್ಕದಲ್ಲೇ ಇರಿ ಎಂದೆಲ್ಲ, ಹನ್ನೆರಡು ಚಟುವಟಿಕೆಗಳನ್ನು ಅಂಕಿ ಹಾಕಿ ಬರೆದೆ. ಅಕ್ಷರ ದುಂಡಗೆ ಬಂದವು.

ನಾಲ್ಕು ಗಂಟೆಯ ಸುಮಾರಿಗೆ ಪಕ್ಕದ ಮನೆಯ ಸಕೀನಾಬಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಮಗುವನ್ನು ನೋಡಿ ತಲೆ ಸವರಿದರು, ಕೆನ್ನೆ ತಟ್ಟಿದರು. "ಟೀಚರ್, ಕೂಸು ಯಾಕ ಹಿಂಗ ಮಲಗೇತಿ?" ಎಂದರು. ನಾನು ಎತ್ತಿ ಕೂರಿಸಿದೆ, ಕತ್ತು ಜೋಲಿತು. ಮುಖಕ್ಕೆ ನೀರು ಹಾಕಿದೆ, ರೆಪ್ಪೆ ಅಲುಗಿತು, ಕಣ್ಣು ತೆರೆಯಲಿಲ್ಲ. ಸಕೀನಾಬಿ ಅಲ್ಲಿಂದಲೇ ಮಗನನ್ನು ಕೂಗಿದರು. ಆರಿಫನ ಆಟೊ ಮನೆಯ ಮುಂದೆಯೇ ಇದ್ದದ್ದು ನಮ್ಮ ಪುಣ್ಯ. ದವಾಖಾನೆಯವರೆಗೂ ನಾನು ಅವಳ ಮೂಗಿನ ಹತ್ತಿರ ಬೆರಳು ಹಿಡಿದೇ ಕುಳಿತಿದ್ದೆ.

ಡಾಕ್ಟರ್ ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. "ಏನರ ಔಷಧಿ ಕೊಟ್ಟೀರೇನ್ರಿ ಅಜ್ಜಿ?" ಎಂದು ಕೇಳಿದಳು. ನಾನು "ಇಲ್ಲರಿ" ಎಂದೆ. ಮತ್ತೆ ಕೇಳಿದಳು. ಮತ್ತೆ ಇಲ್ಲವೆಂದೆ. ನನ್ನ ಮೊಮ್ಮಗಳು ಮೇಜಿನ ಮೇಲೆ ಅರಿವೆಯಂತೆ ಬಿದ್ದಿದ್ದಾಳೆ, ಏನಾಗಿದೆಯೆಂದು ತಿಳಿಯದೆ ಆ ಹುಡುಗಿ ತಡಕಾಡುತ್ತಿದ್ದಾಳೆ, ಆಗಲೂ ನನಗೆ ನನ್ನ ಹೆಸರಿನ ಚಿಂತೆ. ಸಕೀನಾಬಿ ಸೆರಗಿನೊಳಗಿಂದ ಆ ಸೀಸೆಯನ್ನು ತೆಗೆದು ಮೇಜಿನ ಮೇಲೆ ಇಟ್ಟರು. "ಇದು ಕಿಟಕ್ಯಾಗ ಇತ್ರಿ, ಮುಚ್ಚಳ ಹಸಿ ಇತ್ತು" ಎಂದರು, ಅಷ್ಟೇ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಡಾಕ್ಟರ್ ನೋಡಿದಳು. ನಾನು ಎರಡು ಸಲ ಕೊಟ್ಟೆನೆಂದು ಒಪ್ಪಿಕೊಂಡೆ. ಹಿಂದೆ ಎಂದಾದರೂ ಕೊಟ್ಟಿದ್ದಿರೇನು ಎಂದಳು, ಇಲ್ಲವೆಂದೆ. ಸಲಾಯಿನ್ ಹಚ್ಚಿ, ಬೆರಳಿಗೆ ಒಂದು ಯಂತ್ರ ಸಿಕ್ಕಿಸಿ ನೋಡುತ್ತ ಕುಳಿತರು. ಏಳೂವರೆಗೆ ಇಂಚರ ಕಣ್ಣು ಬಿಟ್ಟು "ನೀ" ಎಂದಳು. ನೀರು ಕೇಳಿದ್ದು. ಮರುದಿನ ಮುಂಜಾನೆ ಮನೆಗೆ ಕಳಿಸಿದರು.

ಈ ಸಕೀನಾಬಿ ಯಾರೆಂದು ನಿನಗೆ ಪೂರ್ತಿ ತಿಳಿಯದು. ಇಪ್ಪತ್ತೈದು ವರ್ಷದ ಹಿಂದೆ ಅವರು ವ್ಯಾಪಾರಿಗಳ ಮೆಣಸಿನಕಾಯಿ ತಂದು ಮನೆಯಲ್ಲಿ ತೊಟ್ಟು ಬಿಡಿಸುತ್ತಿದ್ದರು. ಆರಿಫ ಆಗ ಇಂಚರಾಳಷ್ಟೇ ಇದ್ದ. ರಾಶಿಗೆ ಕೈ ಹಾಕಿ ಕಣ್ಣುಜ್ಜಿಕೊಂಡಾನೆಂದು ಅವನ ಸೊಂಟಕ್ಕೆ ಹಳೆಯ ಓಢಣಿ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಮನೆ ಭೇಟಿಗೆ ಹೋದ ನಾನು ಅದನ್ನು ನೋಡಿದೆ. ಮುಂದಿನ ತಾಯಂದಿರ ಸಭೆಯಲ್ಲಿ ಅವರನ್ನು ಎದ್ದು ನಿಲ್ಲಿಸಿ, "ದನಾ ಕಟ್ಟಿದಂಗ ಕೂಸು ಕಟ್ಟತಾರೇನು?" ಎಂದು ನಲವತ್ತು ಹೆಂಗಸರ ಮುಂದೆ ಕೇಳಿದೆ. ಕೆಲವರು ನಕ್ಕರು. ಅಂದಿನಿಂದ ಅವರು ಸಭೆಗೆ ಬರಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ಮೂರು ತಾಸು ಕುಳಿತರಲ್ಲ, ಆ ಮಾತನ್ನು ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಶುಕ್ರವಾರ ನಾನು ಹಾವೇರಿಗೆ ಹೋದೆ. ಹೌದು, ಹೋದೆ. ಇಂಚರಾಳನ್ನು ಸಕೀನಾಬಿಯ ಮನೆಯಲ್ಲಿ ಬಿಟ್ಟು, ನೀನು ಕೊಡಿಸಿದ ಇಳಕಲ್ಲ ಸೀರೆ ಉಟ್ಟು ಹೋದೆ. ವೇದಿಕೆ ಹತ್ತಿ ಏನಾದರೂ ನೆಪ ಹೇಳಿ ಕುಳಿತುಬಿಡೋಣ ಎಂದುಕೊಂಡಿದ್ದೆ. ಆದರೆ ಮೈಕು ಕೈಗೆ ಬಂದೊಡನೆ ಹನ್ನೆರಡನ್ನೂ ಓದಿದೆ, ಒಂದನ್ನೂ ಬಿಡಲಿಲ್ಲ. ಜನ ಚಪ್ಪಾಳೆ ಹೊಡೆದರು. ಗುತ್ತಲದ ಕಡೆಯ ಒಬ್ಬ ಹೊಸ ಕಾರ್ಯಕರ್ತೆ ಬಂದು ಕಾಲು ಮುಟ್ಟಿ, ಹಾಳೆಗಳ ಫೋಟೊ ತೆಗೆದುಕೊಂಡು, "ನಿಮ್ಮ ಮೊಮ್ಮಕ್ಕಳು ಪುಣ್ಯಾ ಮಾಡ್ಯಾವ್ರಿ ಟೀಚರ್" ಎಂದಳು. ಬರುವಾಗ ಬಸ್ಸಿನಲ್ಲಿ, ಸನ್ಮಾನಕ್ಕೆ ಹೊದಿಸಿದ್ದ ಶಾಲು ತೊಡೆಯ ಮೇಲಿತ್ತು. ಮೋಟೆಬೆನ್ನೂರು ದಾಟುವವರೆಗೂ ಕಿಟಕಿಯ ಹೊರಗೆ ಮುಖ ಮಾಡಿ ಕುಳಿತೆ. ಪಕ್ಕದವಳು ಯಾಕೆ ಅಳುತ್ತೀರೆಂದು ಕೇಳಿದಳು, ಮೆಣಸಿನಕಾಯಿ ಘಾಟು ಎಂದೆ.

ಬಂದು ನೋಡಿದರೆ ಇಂಚರ ಸಕೀನಾಬಿಯ ಹಿತ್ತಲಿನಲ್ಲಿ ಸುಣ್ಣ ಬಳಿಯುವ ಹಳೆಯ ಬ್ರಷ್ಷು ಹಿಡಿದು, ಬಕೆಟ್ಟಿನ ತಳದಲ್ಲಿದ್ದ ನೀರಿನಲ್ಲಿ ಅದ್ದಿ ಗೋಡೆಗೆ ಬಳಿಯುತ್ತಿದ್ದಳು. ಬಿಸಿಲಿಗೆ ಗೋಡೆ ಒಣಗುತ್ತದೆ, ಇವಳು ಮತ್ತೆ ಬಳಿಯುತ್ತಾಳೆ. ಒಂದು ತಾಸಿನಿಂದ ಅದೇ ನಡೆದಿದೆಯಂತೆ. ಸಕೀನಾಬಿ ಪಕ್ಕದಲ್ಲೇ ಪಾತ್ರೆ ತಿಕ್ಕುತ್ತ, "ಇಲ್ಲಿ ಬಿಟ್ಟೀ ನೋಡು, ಈ ಮೂಲ್ಯಾಗ" ಎಂದು ಆಗಾಗ ಹೇಳುತ್ತಿದ್ದರು. ನಾನು ಶಾಲನ್ನು ಚೀಲದೊಳಗೆ ತುರುಕಿ ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಆರಿಫನನ್ನು ಕಟ್ಟಿದ್ದಕ್ಕೆ ಅಂದು ನಾನು ಆಡಿದ ಮಾತು ತಪ್ಪಾಯಿತೆಂದು ಹೇಳಿದೆ. ಅವರು ಕೈಯಲ್ಲಿದ್ದ ಪಾತ್ರೆಯನ್ನು ತೊಳೆದು ಬೋರಲು ಹಾಕಿದರು. "ಆ ಮಾತು ಭಾಳ ದಿನಾ ಚುಚ್ಚೇತ್ರಿ ಟೀಚರ್. ಸುಳ್ಳ ಯಾಕ ಹೇಳ್ಲಿ," ಎಂದರು. ಆಮೇಲೆ, "ಈಕಿಗೆ ಆಟಾ ಕೊಟ್ಟು ಎದ್ದ ಹೋಗಬ್ಯಾಡ್ರಿ. ಸ್ವಲ್ಪ ಹೊತ್ತು ಕುಂದ್ರಿ. ಆಮ್ಯಾಲೆ ತಾನ ಆಡತೈತಿ" ಎಂದರು.

ಹಾಗೆಯೇ ಮಾಡುತ್ತಿದ್ದೇನೆ. ಹಿಟ್ಟು ನಾದುವಾಗ ಅವಳಿಗೂ ಒಂದು ಮುದ್ದೆ. ಬಟ್ಟೆ ಮಡಚುವಾಗ ಅವಳಪ್ಪನ ಕಾಲುಚೀಲದ ಜೋಡಿ ಹುಡುಕುವುದು ಅವಳ ಕೆಲಸ, ಸಿಕ್ಕರೆ ತಾನೇ ಚಪ್ಪಾಳೆ ಹೊಡೆದುಕೊಳ್ಳುತ್ತಾಳೆ. ಡಬ್ಬಿಗಳಿಗೆ ಮುಚ್ಚಳ ಹೊಂದಿಸುತ್ತಾಳೆ. ಫೋನು ಕಪಾಟಿನ ಮೇಲೆ ಹೋಗಿದೆ. ಅವಳು ಮಲಗಿದಾಗ ಮಾತ್ರ ನಾನು ನಾಲ್ಕು ಸಲ ಎದ್ದು ಉಸಿರು ನೋಡುತ್ತೇನೆ.

ಶನಿವಾರ ರಜೆಗೆ ರಾಣೆಬೆನ್ನೂರಿನಿಂದ ಬಂದ ಮಹಾಂತೇಶನಿಗೆ, ಇಂಚರಾಳಿಗೆ ಜ್ವರ ಬಂದಿತ್ತು, ದವಾಖಾನೆಗೆ ತೋರಿಸಿದೆ ಎಂದಷ್ಟೇ ಹೇಳಿದ್ದೇನೆ. ಅವನು ನನ್ನ ಕೈಹಿಡಿದು "ನೀ ಇದ್ದಿ ಅಂತ ನಾವು ನಿಶ್ಚಿಂತಿ ಅವ್ವಾ" ಎಂದ. ಈ ಶನಿವಾರ ಅವನಿಗೂ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ನಿನ್ನನ್ನು ಬೇಡಿಕೊಳ್ಳುವುದು ಒಂದೇ: ನನ್ನ ತಪ್ಪಿಗೆ ತರಬೇತಿ ಬಿಟ್ಟು ಬರಬೇಡ. ಖಾಕಿ ತೊಡಬೇಕೆಂದು ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಓದಿದವಳು ನೀನು. ಇಂಚರ ನನ್ನಲ್ಲಿರಬೇಕೋ ಹೊಸರಿತ್ತಿಗೆ ಹೋಗಬೇಕೋ ನೀನೇ ಹೇಳು. ಈಗ ನನಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ, ಸಕೀನಾಬಿಯೂ ಇದ್ದಾರೆ. ನಿನ್ನ ಉತ್ತರ ಬರುವವರೆಗೆ ಕಾಯುತ್ತೇನೆ.

ಮೈ ಜೋಪಾನ. ನಿನ್ನ ಓಟ, ನಿನ್ನ ಪರೀಕ್ಷೆ ಎಲ್ಲ ಗೆಲುವಾಗಲಿ. ಹೆಗಲ ಮೇಲೆ ಪಟ್ಟಿ ಹಚ್ಚಿಕೊಂಡು ಬಂದ ನಿನ್ನನ್ನು ಬಾಗಿಲಲ್ಲಿ ನಿಂತು ನೋಡುವ ಮುಖ ನನಗೆ ಉಳಿಯಲಿ.

ನಿನ್ನ ಅತ್ತೆ,
ಗದಿಗೆವ್ವ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದೆ. ಬುಧವಾರದ್ದೇ ಮೊದಲ ಸಲ ಎಂದು ಮೇಲೆ ಬರೆದದ್ದು ಸುಳ್ಳು. ಅದಕ್ಕೆ ಮೊದಲು ನಾಲ್ಕು ಸಲ ಕೊಟ್ಟಿದ್ದೆ. ಎರಡು ಸಲ ಭಾಷಣದ ನೆಪವೂ ಇರಲಿಲ್ಲ, ನಾನು ಮಲಗಬೇಕಿತ್ತು. ಈಗಷ್ಟೇ ಇಂಚರಾಳನ್ನು ಎತ್ತಿಕೊಂಡು ಹೋಗಿ ಆ ಡಾಕ್ಟರಿಗೆ ಹೇಳಿ ಬಂದೆ. ಬೈದಳು, ಮತ್ತೆ ಪೂರ್ತಿ ತಪಾಸಣೆ ಮಾಡಿ ಏನೂ ತೊಂದರೆ ಇಲ್ಲ ಎಂದಳು. ನಿನ್ನ ಉತ್ತರಕ್ಕೆ ಕಾಯುವುದಿಲ್ಲ. ಭರಮವ್ವನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದೇನೆ. ನಾಳೆ ಮೊದಲ ಬಸ್ಸಿಗೆ ಬಂದು ಕರೆದುಕೊಂಡು ಹೋಗುತ್ತಾರೆ. ಅವಳನ್ನು ನೋಡಲು ಹೊಸರಿತ್ತಿಗೆ ಬರಲೇ ಎಂದು ಅವರನ್ನು ಕೇಳಲು ಧೈರ್ಯವಾಗಲಿಲ್ಲ. ನೀನು ಕೇಳು.